ಮರಕ್ಕೆ ಬಾರದ ಭಾಷೆ

ಯಲ್ದೂರು
12 ಜನವರಿ 2025

ಪ್ರೀತಿಯ ಸುನಂದಾ ಟೀಚರ್ ಅವರಿಗೆ, ನಿಮ್ಮ ಹಳೇ ತಲೆನೋವು ಶಹರ್ ಬಾನು ಮಾಡುವ ಸಲಾಂ.

ಹೆಸರು ನೋಡಿದ ಕೂಡಲೇ ಗುರುತು ಸಿಕ್ಕಿರಬೇಕು. ಸಿಗದಿದ್ದರೆ ನಾನೇ ನೆನಪಿಸುತ್ತೇನೆ. ಕೋಲಾರದ ಹೈಸ್ಕೂಲಿನಲ್ಲಿ ಕಿಟಕಿ ಪಕ್ಕದ ಬೆಂಚು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹೊರಗೆ ನೋಡುತ್ತಾ ಕೂತು ನಿಮ್ಮಿಂದ ಸೀಮೆಸುಣ್ಣದ ಏಟು ತಿನ್ನುತ್ತಿದ್ದವಳು. "ಲೇ ಶಹರ್, ಮೋಡದಲ್ಲಿ ಏನು ಬರ್ದಿದೆ ಅಂತ ನಮಗೂ ಸ್ವಲ್ಪ ಓದಿ ಹೇಳೇ" ಎಂದು ನೀವು ಅಂದಾಗ ಇಡೀ ಕ್ಲಾಸು ನಗುತ್ತಿತ್ತು. ಅವಳೇ ನಾನು. ಈಗ ನನ್ನ ಮಗಳು ರುಕ್ಸಾರ್ ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ, ಅವಳೂ ಕಿಟಕಿಯ ಕಡೆಯವಳೇ.

ಮದುವೆಯಾಗಿ ಶ್ರೀನಿವಾಸಪುರ ತಾಲ್ಲೂಕಿನ ಈ ಯಲ್ದೂರಿಗೆ ಬಂದೆ. ಗಂಡ ಅಮ್ಜದ್‌ಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇದೆ. ನನ್ನ ಮಾವ ರಹಮತ್ತುಲ್ಲಾ ಸಾಹೇಬರು ತೋಪು ನೋಡಿಕೊಳ್ಳುತ್ತಾರೆ. ಅವರನ್ನು ನಾವೆಲ್ಲ ಅಬ್ಬಾ ಅನ್ನುತ್ತೇವೆ.

ನಿಮ್ಮ ಟೇಕಲ್ ವಿಳಾಸ, ಫೋನ್ ನಂಬರು ಎರಡನ್ನೂ ನಮ್ಮ ಕ್ಲಾಸಿನ ಆಶಾರಾಣಿ ಕೊಟ್ಟಳು. ಅವಳು ಈಗ ಮುಳಬಾಗಿಲಿನಲ್ಲಿದ್ದಾಳೆ. ಎಷ್ಟೋ ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಒಂದು ಸಲ ನೀವೇ ಎತ್ತಿದಿರಿ. "ಹಲೋ, ಹಲೋ" ಎಂದಿರಿ. ನಾನು ಹೆಸರು ಹೇಳಿದೆ, ಇನ್ನೊಮ್ಮೆ ಹೇಳಿದೆ. ನೀವು ಇಟ್ಟುಬಿಟ್ಟಿರಿ. ಪಿಯುಸಿಗೇ ಓದು ಬಿಟ್ಟೆ ಎಂಬ ಸಿಟ್ಟು ಇನ್ನೂ ಇದೆಯೇನೋ ಅಂದುಕೊಂಡು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆದರೂ ಅಗತ್ಯ ನನ್ನದು, ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ಹವಾಮಾನದ ಬಗ್ಗೆ ಮಾತಾಡಲು ನನಗೆ ಇಂಗ್ಲಿಷ್ ಪದಗಳು ಬೇಕು. ರೈನ್, ವಿಂಡ್, ಹಾಟ್, ಕೋಲ್ಡ್ ಅಲ್ಲ, ಅವು ನನಗೂ ಬರುತ್ತವೆ. ದೊಡ್ಡ ಪದಗಳು ಬೇಕು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುವಂಥವು. ಯಾಕೆ ಎಂದು ಈಗಲೇ ಕೇಳಬೇಡಿ, ನಗುತ್ತೀರಿ. ಮರದಲ್ಲಿ ಮಿಡಿ ಕಾಣಿಸಿಕೊಳ್ಳುವ ಹೊತ್ತಿಗೆ ಕಲಿತಿರಬೇಕು.

ನಿಮ್ಮ
ಶಹರ್ ಬಾನು


ಟೇಕಲ್
21 ಜನವರಿ 2025

ಶಹರ್ ಬಾನುವಿಗೆ ಆಶೀರ್ವಾದಗಳು.

ಗುರುತು ಸಿಗದೆ ಏನು. ನಿನ್ನ ಅಕ್ಷರ ಆಗಲೂ ಕೋಳಿ ಕೆದರಿದ ಹಾಗಿತ್ತು, ಈಗಲೂ ಹಾಗೇ ಇದೆ. ತಪ್ಪುಗಳಿಗೆ ಕೆಂಪು ಗುರುತು ಹಾಕಿ ನಿನ್ನ ಕಾಗದವನ್ನೇ ಇದರ ಜೊತೆ ವಾಪಸ್ ಕಳಿಸಿದ್ದೇನೆ.

ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಮ್ಮ ಫೋನ್ ಸರಿಯಿಲ್ಲ, ಅಷ್ಟೇ. ಇನ್ನು ಫೋನ್ ಮಾಡಬೇಡ. ಕೈಬರಹ ನೋಡದೆ ನನಗೆ ಪಾಠ ಹೇಳಲು ಬರುವುದೂ ಇಲ್ಲ, ಕಾಗದವನ್ನೇ ಬರೆ. ರಿಟೈರಾದ ಮೇಲೆ ತಮ್ಮ ಶ್ರೀಧರನ ಮನೆಯಲ್ಲಿದ್ದೇನೆ, ಸ್ಟೇಷನ್ನಿಗೆ ಹತ್ತಿರ. ಅವನ ಹೆಂಡತಿ ತ್ರಿವೇಣಿ ನನ್ನನ್ನು ಅಡಿಗೆಮನೆಗೆ ಬಿಡುವುದಿಲ್ಲ. ಹೀಗಾಗಿ ನನಗೆ ಬೇಕಾದಷ್ಟು ಬಿಡುವಿದೆ.

ಯಾಕೆ ಎಂದು ನೀನು ಹೇಳದಿದ್ದರೂ ನನಗೆ ಅರ್ಥವಾಯಿತು. ಹೊರದೇಶಕ್ಕೆ ಹೊರಟವರು ಬರೆಯುವ ಇಂಗ್ಲಿಷ್ ಪರೀಕ್ಷೆಯಲ್ಲಿ ಹವಾಮಾನದ ಮೇಲೆ ಮಾತಾಡಿಸುತ್ತಾರೆ. ನೀವು ಗಂಡ ಹೆಂಡತಿ ಎಲ್ಲಿಗೋ ಹೊರಟಿದ್ದೀರಿ. ಹೋಗಿ ಬಾ. ನೀನು ಇನ್ನಷ್ಟು ಓದಬೇಕಿತ್ತು ಎಂಬುದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ನನಗೆ ತುಂಬಾ ಸಂತೋಷವಾಗಿದೆ.

ಮೊದಲ ಪಾಠ. ಹಿತವಾದ ಬೆಚ್ಚಗಿನ ಗಾಳಿಯ ದಿನಕ್ಕೆ ಬಾಮಿ ಅನ್ನಬೇಕು. ಚಳಿಗಾಲದ ಬೆಳಿಗ್ಗೆ ಮೈ ಚುರುಕಾಗುವಂತಿದ್ದರೆ ಕ್ರಿಸ್ಪ್. ತೆಳು ಮಂಜು ಮಿಸ್ಟ್, ಎದುರಿನ ಮರ ಕಾಣದಿದ್ದರೆ ಫಾಗ್, ಧೂಳು ಹೊಗೆ ಸೇರಿ ಮಸುಕಾದರೆ ಹೇಜ್. ಮೋಡ ಮುಚ್ಚಿಕೊಂಡ ದಿನ ಓವರ್‌ಕಾಸ್ಟ್. ಪ್ರತಿದಿನ ಹೊರಗೆ ನಿಂತು ಐದು ಸಾಲು ಇಂಗ್ಲಿಷಿನಲ್ಲಿ ಬರೆ. ಗುಡ್ ವೆದರ್, ಬ್ಯಾಡ್ ವೆದರ್ ಎಂದು ಬರೆದರೆ ಸೊನ್ನೆ.

ಸುನಂದ


ಯಲ್ದೂರು
6 ಫೆಬ್ರವರಿ 2025

ಪ್ರೀತಿಯ ಟೀಚರ್,

ಐದೈದು ಸಾಲು ಬರೆದ ಹಾಳೆಗಳು ಜೊತೆಯಲ್ಲಿವೆ. ಈ ವಾರವೆಲ್ಲ ನಮ್ಮಲ್ಲಿ ಫಾಗ್. ಹೂವಿಗೆ ಅದು ಒಳ್ಳೆಯದಲ್ಲ, ಕಪ್ಪಾಗುತ್ತದೆ. ಅದಕ್ಕೇ ಬ್ಯಾಡ್ ವೆದರ್ ಎಂದು ಬರೆದು, ನಿಮ್ಮ ಮುಖ ನೆನಪಾಗಿ ಹೊಡೆದುಹಾಕಿದ್ದೇನೆ.

ಟೀಚರ್, ನಾವು ಎಲ್ಲಿಗೂ ಹೊರಟಿಲ್ಲ. ನೀವು ಅಷ್ಟು ಸಂತೋಷಪಟ್ಟದ್ದು ಓದಿ ಸುಮ್ಮನೆ ಹೌದು ಅಂದುಬಿಡೋಣ ಎನ್ನಿಸಿತು. ಆದರೆ ನೀವು ಕಳಿಸುವುದೆಲ್ಲ ಚಂದದ ಪದಗಳು, ನನಗೆ ಬೇಕಾಗಿರುವುದು ಕೆಟ್ಟವು. ಇರುವ ವಿಷಯ ಹೇಳಿಬಿಡುತ್ತೇನೆ.

ಈ ಕಡೆ ತೋಪನ್ನು ಹೂವಿನ ಮೇಲೆ ಹಿಡಿಯುತ್ತಾರೆ. ಮರದಲ್ಲಿ ಬರೀ ಹೂವಿರುವಾಗಲೇ ನೋಡಿ, ಇಷ್ಟು ಕಾಯಿ ನಿಲ್ಲಬಹುದು ಎಂದು ಅಂದಾಜು ಮಾಡಿ ಆ ವರ್ಷದ ಫಸಲನ್ನು ಗುತ್ತಿಗೆಗೆ ತೆಗೆದುಕೊಳ್ಳುವುದು. ಆಮೇಲೆ ಕಾಯಿ ಇಳಿಸುವವರೆಗೂ ಕಾವಲು ನಮ್ಮದೇ. ದೊಡ್ಡಮುನಿಯಮ್ಮನವರ ತೋಪನ್ನು ಅಬ್ಬಾ ಅವರ ತಂದೆಯ ಕಾಲದಿಂದ ನಮ್ಮ ಮನೆಯವರೇ ಹಿಡಿಯುತ್ತಾರೆ. ತೋಪಿನ ದಿಬ್ಬದ ಮೇಲೆ ಶೀಟು ಹೊದಿಸಿದ ಒಂದು ಗುಡಿಸಲು, ಅದರಲ್ಲಿ ಒಂದು ಮಂಚ. ಜನವರಿಯಿಂದ ಜೂನ್‌ವರೆಗೂ ಅಬ್ಬಾ ಅಲ್ಲಿಯೇ. ಹೂವು ನೋಡಿ ಮಾತು ಕೊಟ್ಟವನೇ ಕಾಯಬೇಕು ಎಂದು ಬೇರೆ ಯಾರನ್ನೂ ಕೂರಿಸಲು ಒಪ್ಪುವುದಿಲ್ಲ.

ನಮ್ಮ ಮನೆತನದಲ್ಲೊಂದು ಕಟ್ಟುಪಾಡಿದೆ. ಮಿಡಿ ಕಚ್ಚಿದ ಮೇಲೆ ತೋಪಿನೊಳಗೆ ಆಕಾಶದಿಂದ ಬರುವ ಯಾವುದರ ಹೆಸರನ್ನೂ ಎತ್ತಬಾರದು. ಮಳೆ, ಗಾಳಿ, ಸಿಡಿಲು, ಆಲಿಕಲ್ಲು, ಯಾವುದನ್ನೂ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತದಂತೆ. ಮರಗಳೂ ಕೇಳಿಸಿಕೊಂಡು ಹೆದರಿ ಕಾಯಿ ಉದುರಿಸುತ್ತವಂತೆ. ನಮ್ಮ ಮನೆಮಾತು ದಖ್ನಿಯಲ್ಲಿ ಹೇಳುವಂತಿಲ್ಲ, ಕನ್ನಡದಲ್ಲಿ ಹೇಳುವಂತಿಲ್ಲ, ತೆಲುಗಿನಲ್ಲಿಯೂ ಹೇಳುವಂತಿಲ್ಲ. ಈ ಸೀಮೆಯ ಮರಗಳಿಗೆ ಮೂರೂ ಬರುತ್ತವೆ. ಅದಕ್ಕೇ ಎಲ್ಲವನ್ನೂ "ಅದು" ಅನ್ನುತ್ತೇವೆ. ಫೋನಿನಲ್ಲಿ ಮಾತಾಡುವಾಗಲೂ ಅಷ್ಟೇ, ಅಬ್ಬಾ ತೋಪಿನಲ್ಲಿ ಕೂತು ಕೇಳುತ್ತಾರಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಮಹಡಿಯಿಂದ ಮೋಡ ನೋಡಿ ಫೋನ್ ಮಾಡಿದೆ. "ಅಬ್ಬಾ, ಅದು ಬರ್ತಾ ಇದೆ, ಇಳಿದುಬನ್ನಿ" ಎಂದೆ. "ಬರ್ಲಿ ಬಿಡು ಬಾನು" ಎಂದರು. ಹನಿ ಮಳೆ ಇರಬೇಕು ಅಂದುಕೊಂಡರು. ಗುಡಿಸಲ ಪಕ್ಕದ ಹುಣಸೆಮರಕ್ಕೆ ಸಿಡಿಲು ಹೊಡೆಯಿತು. ಅಬ್ಬಾ ಮಂಚದಿಂದ ಹಾರಿಬಿದ್ದು ಪ್ರಜ್ಞೆ ತಪ್ಪಿದ್ದರು. ಇವತ್ತಿಗೂ ಬಲಗೈ ನಡುಗುತ್ತದೆ, ಚಹಾದ ಲೋಟ ಎಡಗೈಯಲ್ಲಿ ಹಿಡಿಯುತ್ತಾರೆ. ಅಷ್ಟಾದರೂ ಈ ವರ್ಷ ಮತ್ತೆ ಅದೇ ದಿಬ್ಬ, ಅದೇ ಮಂಚ. ಟೀಚರ್, ನನಗೆ ಅಪ್ಪ ಇಲ್ಲ. ಇರುವುದು ಇವರೊಬ್ಬರೇ. ಇನ್ನೊಂದು ಸಲ ಹಾಗಾಗುವುದನ್ನು ನನ್ನ ಕೈಲಿ ನೋಡಲಾಗದು.

ಹೋದ ತಿಂಗಳು ಮೆಲ್ಲಗೆ ಕೇಳಿದೆ, "ಅಬ್ಬಾ, ಇಂಗ್ಲಿಷಲ್ಲಿ ಹೇಳಬಹುದಾ?" ಚಹಾ ಮುಗಿಯುವವರೆಗೂ ಯೋಚನೆ ಮಾಡಿದರು. "ಇಂಗ್ಲಿಷಾ? ಮರ ಏನು ಇಸ್ಕೂಲಿಗೆ ಹೋಗಿದ್ಯಾ? ಹೇಳು ಹೇಳು" ಎಂದರು. ಆದರೆ ಒಂದು ಷರತ್ತು. ಸುಮ್ಮನೆ ರೈನ್ ರೈನ್ ಎಂದರೆ ಇಳಿಯುವುದಿಲ್ಲ, ಎಂಥದ್ದು ಬರುತ್ತಿದೆ ಎಂದು ಸರಿಯಾಗಿ ಹೇಳಬೇಕಂತೆ.

ಈಗ ನಗಿ.

ನಿಮ್ಮ
ಶಹರ್ ಬಾನು


ಟೇಕಲ್
15 ಫೆಬ್ರವರಿ 2025

ಶಹರ್,

ನಗಲಿಲ್ಲ. ಮೊದಲು ಬೈಯ್ಯೋಣ ಎಂದು ಪೆನ್ನು ತೆಗೆದೆ. ಮರಗಳಿಗೆ ಮೂರು ಭಾಷೆ ಬರುತ್ತದಂತೆ, ನನ್ನ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಆಮೇಲೆ ನಿನ್ನ ಮಾವನವರ ನಡುಗುವ ಕೈ ಕಣ್ಣಿಗೆ ಕಟ್ಟಿತು. ವಾದ ಮಾಡಿ ಅವರನ್ನು ಗೆಲ್ಲುವುದಕ್ಕಿಂತ ದಿಬ್ಬದಿಂದ ಇಳಿಸುವುದು ಮುಖ್ಯ.

ಹಾಗಾದರೆ ಬಾಮಿ, ಕ್ರಿಸ್ಪ್ ಎಲ್ಲ ಪಕ್ಕಕ್ಕಿಡು. ಸಣ್ಣ ಹನಿ ಡ್ರಿಝಲ್. ಬಂದು ಹೋಗುವ ಮಳೆ ಶವರ್. ಧೋ ಎಂದು ಸುರಿದರೆ ಡೌನ್‌ಪೋರ್. ಒಮ್ಮೆ ಬೀಸಿ ನಿಲ್ಲುವ ಜೋರು ಗಾಳಿ ಗಸ್ಟ್. ಇದ್ದಕ್ಕಿದ್ದ ಹಾಗೆ ಎದ್ದು ಸ್ವಲ್ಪ ಹೊತ್ತು ಬಿಡದೆ ಹೊಡೆಯುವುದು ಸ್ಕ್ವಾಲ್, ಇದು ಕೊಂಬೆ ಮುರಿಯುತ್ತದೆ. ಗುಡುಗು ಸಿಡಿಲು ಕೂಡಿದ್ದು ಥಂಡರ್‌ಸ್ಟಾರ್ಮ್. ಆಲಿಕಲ್ಲಿಗೆ ಹೇಲ್. ಮಳೆಗೆ ಮೊದಲು ಮೈಯೆಲ್ಲ ಅಂಟಂಟಾಗುವ ಸೆಕೆಗೆ ಸಲ್ಟ್ರಿ ಅನ್ನಬೇಕು. ಏನೋ ಕೆಡುಕಾಗುತ್ತದೆ ಎಂದು ಹೇಳುವಂಥ ಮೋಡಕ್ಕೆ ಓಮಿನಸ್. ಒಂದೊಂದು ಪದಕ್ಕೂ ಏನು ಮಾಡಬೇಕು ಎಂದು ನೀವಿಬ್ಬರೂ ಈಗಲೇ ಮಾತಾಡಿಕೊಳ್ಳಿ.

ಇನ್ನು ಮೇಲೆ ಐದು ಸಾಲಿನಲ್ಲಿ ಒಂದು ಸಾಲು ಸದ್ದಿನ ಬಗ್ಗೆ ಇರಲಿ. ಮಳೆ ಎಲೆಯ ಮೇಲೆ ಬಿದ್ದಾಗ ಹೇಗೆ, ಶೀಟಿನ ಮೇಲೆ ಬಿದ್ದಾಗ ಹೇಗೆ. ಅದನ್ನು ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲಿಯೇ ಬರೆ, ವಿವರವಾಗಿ ಬರೆ.

ಇನ್ನೊಂದು ವಿಷಯ. ಕೋಲಾರದ ಒಂದು ಕಲಿಕಾ ಕೇಂದ್ರದಲ್ಲಿ ಏಪ್ರಿಲ್‌ನಲ್ಲಿ ಇಂಗ್ಲಿಷ್ ಮಾತುಗಾರಿಕೆಯ ಪರೀಕ್ಷೆ ಇದೆ, ಸರ್ಟಿಫಿಕೇಟ್ ಕೊಡುತ್ತಾರೆ. ನೀನು ಕೂರಬೇಕು. ಮಾವನಿಗಾಗಿ ಕಲಿಯುತ್ತಿರುವುದು ಸರಿ, ನಿನಗಾಗಿಯೂ ಸ್ವಲ್ಪ ಇರಲಿ.

ಸುನಂದ


ಯಲ್ದೂರು
12 ಮಾರ್ಚ್ 2025

ಪ್ರೀತಿಯ ಟೀಚರ್,

ತಡವಾಯಿತು. ರಂಜಾನ್ ನಡೆಯುತ್ತಿದೆ, ಸಂಜೆ ಎಲ್ಲ ಅಡಿಗೆಮನೆಯಲ್ಲಿಯೇ ಕಳೆದುಹೋಗುತ್ತದೆ. ಇಫ್ತಾರಿನ ಹಣ್ಣು, ಗಂಜಿ ಡಬ್ಬಿಗೆ ತುಂಬಿಕೊಂಡು ನಾನು, ರುಕ್ಸಾರ್ ತೋಪಿಗೆ ಹೋಗುತ್ತೇವೆ. ಉಪವಾಸ ಬಿಟ್ಟ ಮೇಲೆ ಅಲ್ಲಿಯೇ ನಮ್ಮ ಕ್ಲಾಸು.

ನಿಮ್ಮ ಹೊಸ ವಿದ್ಯಾರ್ಥಿ ಬಲು ಜೋರು. ಡ್ರಿಝಲ್ ಎಂದರೆ ಕೂತಲ್ಲೇ ಕೂರುವುದು. ಶವರ್ ಎಂದರೆ ತಲೆಗೆ ಗೋಣಿ. ಡೌನ್‌ಪೋರ್ ಎಂದರೆ ಗುಡಿಸಲೊಳಗೆ. ಥಂಡರ್‌ಸ್ಟಾರ್ಮ್ ಎಂದರೆ ಕೆಳಗೆ ದೊಡ್ಡಮುನಿಯಮ್ಮನವರ ಜಗುಲಿಗೆ. ಸ್ಕ್ವಾಲ್ ಎಂದರೆ ಚಪ್ಪಲಿ ಹುಡುಕದೆ ಓಡುವುದು. ಸ್ಕ್ವಾಲ್ ಅನ್ನುವಾಗ ಅಬ್ಬಾ ಸುತ್ತಮುತ್ತ ನೋಡಿ ದನಿ ತಗ್ಗಿಸುತ್ತಾರೆ. "ಇಂಗ್ಲಿಷಲ್ವಾ ಅಬ್ಬಾ, ಜೋರಾಗೇ ಹೇಳಿ" ಎಂದರೆ, "ನಕ್ಕೋ ಬಾನು, ಜೋರಾಗಿ ಬೇಡ, ಪಕ್ಕದ ತೋಪಿನವರ ಹುಡುಗರು ಇಂಗ್ಲಿಷ್ ಮೀಡಿಯಂ. ಆ ಮರಕ್ಕೆ ಬಂದ್ರೆ ಈ ಮರಕ್ಕೆ ಬರೋದು ಎಷ್ಟೊತ್ತು" ಎಂದರು. ರುಕ್ಸಾರ್ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ದೊಡ್ಡಮುನಿಯಮ್ಮನವರು ಎಂಬತ್ತು ದಾಟಿದವರು. ಮೊನ್ನೆ ಬೇಲಿಯ ಹತ್ತಿರ ನಿಂತು ಕೇಳಿಸಿಕೊಂಡು, "ಏಮಿ ಸಾಯಿಬೂ, ಈ ವಯಸ್ಸಲ್ಲಿ ಕಲೆಕ್ಟ್ರು ಆಗ್ತೀಯಾ?" ಎಂದರು. ಅಬ್ಬಾ ನಾಚಿಕೊಂಡುಬಿಟ್ಟರು.

ಸದ್ದಿನ ಬಗ್ಗೆ ಏನು ಬರೆಯಲಿ ಟೀಚರ್? ಮಳೆಯೇ ಬಂದಿಲ್ಲ. ಬಂದರೂ ಟೇಕಲ್ಲಿನಲ್ಲಿ ನಿಮಗೆ ಕೇಳಿಸುವುದೇ ಇಲ್ಲಿಯೂ ಕೇಳಿಸುತ್ತದೆ. ಈ ಒಂದು ಹೋಂವರ್ಕ್ ಮಾತ್ರ ಬಿಟ್ಟುಬಿಡಿ.

ಪರೀಕ್ಷೆಗೆ ಆಗಲಿ ಟೀಚರ್, ಕೂರುತ್ತೇನೆ.

ನಿಮ್ಮ
ಶಹರ್ ಬಾನು


ಟೇಕಲ್
20 ಮಾರ್ಚ್ 2025

ಶಹರ್,

ನಿನ್ನ ಕಾಗದವನ್ನು ತ್ರಿವೇಣಿಯೂ ಓದಿ ನಕ್ಕಳು. ಈಗ ಅಂಚೆಯವನು ಬಂದರೆ ನನಗಿಂತ ಮೊದಲು ಅವಳು ಗೇಟಿಗೆ ಓಡುತ್ತಾಳೆ.

ಸದ್ದಿನ ಹೋಂವರ್ಕ್ ಬಿಡುವುದಿಲ್ಲ. ಮಳೆ ಬಂದಿಲ್ಲವಾದರೆ ಬೇರೆ ಏನಾದರೂ ಬರೆ. ಗಿಳಿಗಳನ್ನು ಓಡಿಸಲು ನಿನ್ನ ಮಾವ ಡಬ್ಬ ಬಡಿಯುತ್ತಾರೆ ಎಂದು ನಿನ್ನ ಹಾಳೆಯಲ್ಲಿತ್ತಲ್ಲ, ಅದನ್ನು ಬರೆ. ಮೊನ್ನೆ ಮಧ್ಯಾಹ್ನದ ರೈಲು ಹೋದದ್ದು ನನಗೆ ಗೊತ್ತಾದದ್ದು ಅಡಿಗೆಮನೆಯ ಗೂಡಿನಲ್ಲಿ ತಟ್ಟೆಗಳು ಅಲುಗಿದ್ದರಿಂದ. ಇಂಥ ಸಣ್ಣಪುಟ್ಟದ್ದನ್ನೆಲ್ಲ ಗಮನಿಸಬೇಕು.

"ಆಗಲಿ ಟೀಚರ್" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನಾಚಿಕೆ ಎಂದು ಗೊತ್ತಾಯಿತು. ನಾಚಿಕೆ ಬೇಡ. ಏಪ್ರಿಲ್ 26, ಶನಿವಾರ. ಹೆಸರು ಬರೆಸಿಯಾಗಿದೆ. ಮುಂಚಿತವಾಗಿ ಈದ್ ಮುಬಾರಕ್.

ಸುನಂದ


ಯಲ್ದೂರು
6 ಏಪ್ರಿಲ್ 2025

ಪ್ರೀತಿಯ ಟೀಚರ್,

ಯುಗಾದಿಯ ಮಾರನೇ ದಿನವೇ ನಮಗೆ ಹಬ್ಬ. ಭಾನುವಾರ ದೊಡ್ಡಮುನಿಯಮ್ಮನವರ ಮನೆಯ ಒಬ್ಬಟ್ಟು, ಸೋಮವಾರ ನಮ್ಮ ಮನೆಯ ಶೀರ್‌ಖುರ್ಮಾ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಗುರುವಾರ ನಾನೊಂದು ಎಡವಟ್ಟು ಮಾಡಿದೆ. ಮಧ್ಯಾಹ್ನ ಮೋಡ ಎದ್ದಿತು. ಫೋನಿನಲ್ಲಿಯೂ ಸೂಚನೆ ಬಂತು. ಹೋದ ವರ್ಷದ್ದೆಲ್ಲ ನೆನಪಾಗಿ ಹೆದರಿ ಅಬ್ಬಾಗೆ ಫೋನ್ ಮಾಡಿದೆ. ಥಂಡರ್‌ಸ್ಟಾರ್ಮ್ ಎಂದೆ. ಸಾಲದು ಎಂದು ಸ್ಕ್ವಾಲ್ ಎಂದೂ ಸೇರಿಸಿದೆ. ಅಬ್ಬಾ ಬರಿಗಾಲಲ್ಲಿ ಓಡಿ ಇಳಿದರು. ಆಮೇಲೆ ಬಂದದ್ದು ನಾಲ್ಕು ಹನಿ. ಅವರು ಜಗುಲಿಯ ಮೇಲೆ ಕೂತಿದ್ದಾಗ ಕೋತಿಗಳ ಹಿಂಡು ತೋಪಿಗೆ ನುಗ್ಗಿ ಬಾದಾಮಿ ಮಾವಿನ ಮರಗಳನ್ನು ಹಾಳು ಮಾಡಿತು.

ಅಬ್ಬಾ ಬೈಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಡ್ರಿಝಲ್‌ಗೂ ಸ್ಕ್ವಾಲ್‌ಗೂ ನಿನಗೇ ವ್ಯತ್ಯಾಸ ಗೊತ್ತಿಲ್ಲ ಬಾನು. ಟೀಚರಮ್ಮ ಪರೀಕ್ಷೆ ಇಟ್ಟಿದ್ದಾರಲ್ಲ, ಪಾಸಾಗು. ಪಾಸಾದ ಮೇಲೆ ನೀನು ಹೇಳಿದ ಕೂಡಲೇ ಇಳೀತೀನಿ. ಅಲ್ಲೀವರೆಗೂ ಹೇಳಬೇಡ" ಎಂದರು. ಅಮ್ಜದ್ ಹೇಳಿ ನೋಡಿದರು, ಅದೂ ಆಗಲಿಲ್ಲ. "ಬಿಡೇ, ಅಬ್ಬಾ ಒಂದು ಸಲ ಅಂದ್ರೆ ಮುಗೀತು" ಎಂದು ಮಂಡಿಗೆ ಹೋದರು.

ಟೀಚರ್, ಈಗ ನಿಜ ಹೇಳುತ್ತೇನೆ. ನನಗೆ ಪರೀಕ್ಷೆಗೆ ಕೂರುವ ಮನಸ್ಸಿರಲಿಲ್ಲ. ನಾಚಿಕೆಯಲ್ಲ, ಹೆದರಿಕೆ. ಏಪ್ರಿಲ್ ತಿಂಗಳಲ್ಲಿ ಅವರನ್ನು ದಿಬ್ಬದ ಮೇಲೆ ಬಿಟ್ಟು ನಾನು ಕೋಲಾರದಲ್ಲಿ ಕೂತಿರುವುದು ಹೇಗೆ ಎಂಬ ಹೆದರಿಕೆ. ಹೇಗಾದರೂ ತಪ್ಪಿಸಿಕೊಳ್ಳೋಣ ಎಂದು ಒಂದೇ ಸಾಲು ಬರೆದಿದ್ದೆ. ಈಗ ಕೂರಲೇಬೇಕು, ಪಾಸಾಗಲೇಬೇಕು. ಇಲ್ಲದಿದ್ದರೆ ನನ್ನ ಮಾತು ಅವರು ಕೇಳುವುದಿಲ್ಲ. ಎಲ್ಲ ಪದಗಳನ್ನೂ ಇನ್ನೊಮ್ಮೆ ಬರೆದು ಕಳಿಸಿ. ದಯವಿಟ್ಟು ಬೇಗ ಕಳಿಸಿ.

ನಿಮ್ಮ
ಶಹರ್ ಬಾನು


ಟೇಕಲ್
12 ಏಪ್ರಿಲ್ 2025

ಶಹರ್,

ಪದಗಳೆಲ್ಲ ಬೇರೆ ಹಾಳೆಯಲ್ಲಿವೆ. ನಿನ್ನ ತಪ್ಪು ಪದದ್ದಲ್ಲ. ನೀನು ಮೋಡ ನೋಡದೆ ನಿನ್ನ ಹೆದರಿಕೆಯನ್ನು ನೋಡಿಕೊಂಡು ಹೇಳಿದೆ. ಕಿಟಕಿಯ ಪಕ್ಕ ಕೂತು ಅಷ್ಟು ವರ್ಷ ನೋಡಿದವಳು ನೀನು. ಪರೀಕ್ಷೆಯಲ್ಲಿ ಕೇಳಿದರೆ ನಿಧಾನವಾಗಿ ನೋಡು, ಕಂಡದ್ದನ್ನು ಮಾತ್ರ ಹೇಳು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಪಾಸಾಗುತ್ತೀಯ. ನನಗೆ ನಂಬಿಕೆ ಇದೆ.

ಸುನಂದ


ಯಲ್ದೂರು
29 ಏಪ್ರಿಲ್ 2025

ಪ್ರೀತಿಯ ಟೀಚರ್,

ನಾನು ಪಾಸಾಗಲಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಅಬ್ಬಾ ಚೆನ್ನಾಗಿದ್ದಾರೆ. ಅದನ್ನೂ ಮೊದಲೇ ಹೇಳಬೇಕು.

ಬೆಳಿಗ್ಗೆಯ ಬರವಣಿಗೆಯ ಪರೀಕ್ಷೆ ಸುಲಭವಾಗಿತ್ತು. ಮಧ್ಯಾಹ್ನ ಮಾತಿನದ್ದು, ಮಹಡಿಯ ಕೋಣೆ. ಒಬ್ಬ ಮೇಡಂ ಕೂತಿದ್ದರು, ಅವರ ಹಿಂದೆ ದೊಡ್ಡ ಕಿಟಕಿ. ಮನೆ, ಮಕ್ಕಳು ಎಲ್ಲ ವಿಚಾರಿಸಿ, ಇವತ್ತಿನ ಹವಾಮಾನ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಒಳಗೇ ನಗು ಬಂತು. ನೀವು ಹೇಳಿದ ಹಾಗೆ ನಿಧಾನವಾಗಿ ಕಿಟಕಿಯ ಹೊರಗೆ ನೋಡಿದೆ, ಕಂಡದ್ದನ್ನು ಹೇಳುತ್ತಾ ಹೋದೆ. ಬೆಳಿಗ್ಗೆಯಿಂದ ಸಲ್ಟ್ರಿ. ಇಲ್ಲಿ ನಮ್ಮ ತಲೆಯ ಮೇಲೆ ಬಿಸಿಲಿದೆ, ಗಾಳಿ ಪೂರ್ತಿ ನಿಂತಿದೆ. ಶ್ರೀನಿವಾಸಪುರದ ಕಡೆ ಮಾತ್ರ ಒಂದು ಮೋಡ ಇದೆ, ಮೇಲೆ ಗೋಪುರದಷ್ಟು ಎತ್ತರ, ಬುಡ ಹಸಿರುಗಪ್ಪು, ಅದರ ಕೆಳಗೆ ಬಿಳಿ ಪರದೆ ಇಳಿಬಿಟ್ಟಂತಿದೆ, ಅದು ಓಮಿನಸ್. ಮೇಡಂ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು. ನನ್ನ ಬಾಯಿಂದ ಬಂದದ್ದು ನನ್ನ ಕಿವಿಗೇ ಆಗ ಬಿತ್ತು. ಈ ಸಲ ನಾನು ಹೆದರಿ ಹೇಳಿದ್ದಲ್ಲ, ನೋಡಿ ಹೇಳಿದ್ದು.

ಎದ್ದೆ. "ಹೊರಗೆ ಹೋದರೆ ಪರೀಕ್ಷೆ ಮುಗಿದ ಹಾಗೆ" ಎಂದರು ಮೇಡಂ. "ಮುಗೀಲಿ ಮೇಡಂ, ನಮ್ಮ ಮಾವ ಆ ಮೋಡದ ಕೆಳಗಿದ್ದಾರೆ" ಎಂದೆ. ಮೆಟ್ಟಿಲಲ್ಲಿಯೇ ಫೋನ್ ಮಾಡಿದೆ.

"ಅಬ್ಬಾ, ಸ್ಕ್ವಾಲ್. ಸ್ಕ್ವಾಲ್ ವಿತ್ ಹೇಲ್."

"ಇಲ್ಲಿ ಎಲೆ ಕೂಡ ಅಲ್ಲಾಡ್ತಾ ಇಲ್ಲ ಬಾನು."

"ಗಸ್ಟ್ ಅಲ್ಲ ಅಬ್ಬಾ, ಡೌನ್‌ಪೋರ್ ಅಲ್ಲ. ಸ್ಕ್ವಾಲ್."

"ಪಾಸಾದ್ಯಾ?" ಎಂದರು.

"ಪಾಸಾದೆ."

"ನಿಜವಾಗ್ಲೂ?"

"ಫಸ್ಟ್ ಕ್ಲಾಸ್ ಅಬ್ಬಾ. ಈಗ ಇಳೀರಿ."

ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವರು ಇಳಿದರು. ಚಪ್ಪಲಿ ಹುಡುಕಲಿಲ್ಲವಂತೆ.

ದೊಡ್ಡಮುನಿಯಮ್ಮನವರ ಜಗುಲಿ ಹತ್ತುವಷ್ಟರಲ್ಲಿ ಗಾಳಿ ಎದ್ದಿತಂತೆ. ಗುಡಿಸಲ ಶೀಟು ಎಗರಿ ಬೇಲಿಯಾಚೆ ಬಿತ್ತು. ಮೇಲಿದ್ದ ದೊಡ್ಡ ಕೊಂಬೆ ಮುರಿದು ಮಂಚದ ಮೇಲೆ ಬಿತ್ತು. ಮಂಚ ಎರಡು ತುಂಡಾಗಿದೆ. ಸಂಜೆ ಹೋಗಿ ಅದನ್ನು ನೋಡಿದೆ. ಅಬ್ಬಾ ಎದುರಿಗೇ ನಿಂತಿದ್ದರೂ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. "ಅಳೋದ್ಯಾಕೆ, ಪಾಸಾಗಿದ್ದೀಯ" ಎಂದರು. ಆಗ ಹೇಳಲೇಬೇಕಾಯಿತು. ಪೂರ್ತಿ ಕೇಳಿದರು. "ಹಾಗಾದ್ರೆ ಫೇಲಾದವಳ ಮಾತು ಕೇಳಿ ಬದುಕಿದೆನಾ?" ಎಂದು ಎಷ್ಟೋ ಹೊತ್ತು ನಕ್ಕರು.

ತೋಪಿನ ಅರ್ಧ ಕಾಯಿ ನೆಲಕ್ಕೆ ಬಿದ್ದಿದೆ. ಮಾರನೇ ದಿನ ಎಲ್ಲರೂ ಸೇರಿ ಆರಿಸಿದೆವು, ಉಪ್ಪಿನಕಾಯಿಗೆ ಹೋಗುತ್ತದೆ. ಏಟು ಬಿದ್ದ ಒಂದು ತೋತಾಪುರಿ ಕಾಯಿ ತೋರಿಸಿ ಅಬ್ಬಾ, "ಓಲೆ ಹೊಡೆದಿದ್ದು ನೋಡು" ಎಂದರು. ಓಲೆ ಎಂದರೆ ನಮ್ಮ ಮಾತಿನಲ್ಲಿ ಆಲಿಕಲ್ಲು. ಮರದ ಕೆಳಗೇ ನಿಂತು ಹೇಳಿಬಿಟ್ಟರು. ನಾನೂ ರುಕ್ಸಾರೂ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅವರನ್ನೇ ನೋಡಿದೆವು. "ಇನ್ನೇನು ಮುಚ್ಚಿಡೋದು. ಮರಕ್ಕೆ ಇಂಗ್ಲಿಷೂ ಬಂದುಬಿಟ್ಟಿದೆ, ನಿನ್ನಿಂದಾನೇ ಕಲೀತು. ಇನ್ಮೇಲೆ ನಿನ್ನ ಬಾಯಿಗೆ ಯಾವ ಭಾಷೆ ಬರುತ್ತೋ ಅದ್ರಲ್ಲೇ ಹೇಳು, ಇಳೀತೀನಿ" ಎಂದರು.

ಟೀಚರ್, ಇನ್ನೊಂದು ಇದೆ. ಕೋಲಾರದ ಬಸ್‌ಸ್ಟ್ಯಾಂಡಿನಿಂದ ನಿಮಗೆ ಫೋನ್ ಮಾಡಿದ್ದೆ, ಪರೀಕ್ಷೆ ಬಿಟ್ಟು ಬಂದೆ ಎಂದು ಕ್ಷಮೆ ಕೇಳಲು. ಫೋನ್ ಸರಿಯಿಲ್ಲ ಎಂದಿದ್ದಿರಿ. ಸರಿಯಾಗಿಯೇ ಇತ್ತು. ತ್ರಿವೇಣಿ ಅಕ್ಕ ಎತ್ತಿದರು. "ಅತ್ತಿಗೆಗೆ ಎರಡು ವರ್ಷದಿಂದ ಏನೂ ಕೇಳಿಸಲ್ಲ ಕಣಮ್ಮಾ, ಮಿಷನ್ ಹಾಕಿದ್ರೂ ಪ್ರಯೋಜನ ಆಗ್ಲಿಲ್ಲ. ನಿನಗೆ ಹೇಳಬೇಡ ಅಂದಿದ್ರು" ಎಂದರು. ಬಸ್ಸಿನಲ್ಲಿ ನಿಮ್ಮ ಕಾಗದಗಳನ್ನೆಲ್ಲ ನೆನೆಸಿಕೊಂಡೆ. ರೈಲು, ತಟ್ಟೆ, ಸದ್ದಿನ ಹೋಂವರ್ಕ್. ನಿಮಗೆ ಕೇಳಿಸುವುದೇ ಇಲ್ಲಿಯೂ ಕೇಳಿಸುತ್ತದೆ ಎಂದು ನಾನು ಬರೆದಿದ್ದೆ. ನನಗೆ ತುಂಬಾ ನೋವಾಯಿತು ಟೀಚರ್.

ಆ ಹೋಂವರ್ಕ್ ಈಗ ಮಾಡುತ್ತೇನೆ. ಶ್ರೀನಿವಾಸಪುರ ಇನ್ನೂ ದೂರ ಇರುವಾಗಲೇ ಆಲಿಕಲ್ಲು ನಮ್ಮ ಬಸ್ಸನ್ನು ಹಿಡಿಯಿತು. ಮೊದಲು ಯಾರೋ ಮೇಲಿನಿಂದ ಒಂದು ಹಿಡಿ ಕಡಲೆ ಚೆಲ್ಲಿದ ಹಾಗೆ, ಟಪ ಟಪ, ಅಲ್ಲೊಂದು ಇಲ್ಲೊಂದು. ಜನ ಮಾತು ನಿಲ್ಲಿಸಿದರು. ಆಮೇಲೆ ಒಂದೇ ಸಮನೆ, ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಸಂದೇ ಇರಲಿಲ್ಲ. ಕಂಡಕ್ಟರ್ ಬಾಯಿ ಆಡುತ್ತಿತ್ತು, ಏನು ಹೇಳುತ್ತಿದ್ದಾನೆ ಎಂದು ಯಾರಿಗೂ ಕೇಳಿಸಲಿಲ್ಲ. ಪಕ್ಕದ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಏಟುಗಳು ಬಿಡಿ ಬಿಡಿಯಾದವು. ಕೊನೆಗೆ ಮಳೆ ಮಾತ್ರ ಉಳಿಯಿತು, ಅದು ಆಲಿಕಲ್ಲಿನ ಮುಂದೆ ಪಿಸುಮಾತಿನಷ್ಟು ಮೆತ್ತಗಿತ್ತು. ಆಗ ಒಂದು ಮಗು ಅಳುತ್ತಿರುವುದು ಕೇಳಿಸಿತು. ಅದು ಮೊದಲಿನಿಂದಲೂ ಅಳುತ್ತಿತ್ತೇನೋ.

ಇದನ್ನೆಲ್ಲ ಅಬ್ಬಾಗೆ ಓದಿ ಹೇಳಿದೆ. ಅವರು ಬರೆಯಲು ಹೇಳಿದ್ದು ಹೀಗಿದೆ: "ಟೀಚರಮ್ಮ ಹಣ್ಣಿನ ಕಾಲಕ್ಕೆ ನಮ್ಮ ತೋಪಿಗೆ ಬರಲಿ. ಗುಡುಗು ಕೇಳಿಸಲ್ಲ ಅಂತ ಹೆದರೋದು ಬೇಡ. ಅದು ಬಂದ್ರೆ ನಾನು ಅವರ ಕೈ ಮುಟ್ಟಿ ಹೇಳ್ತೀನಿ, ಇಬ್ಬರೂ ಒಟ್ಟಿಗೆ ಇಳಿಯೋಣ."

ನಿಮ್ಮ
ಶಹರ್ ಬಾನು


ಟೇಕಲ್
7 ಮೇ 2025

ನನ್ನ ಶಹರ್,

ನಿನ್ನ ಪರೀಕ್ಷೆಯ ಫಲಿತಾಂಶ ಇಲ್ಲಿಗೇ ಬಂತು, ಹೆಸರು ಬರೆಸಿದವಳು ನಾನಲ್ಲವೇ. ಅಪೂರ್ಣ ಎಂದು ಬರೆದಿದ್ದಾರೆ. ನಾನು ಅದರ ಕೆಳಗೆ ಕೆಂಪು ಇಂಕಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಎಂದು ಬರೆದು ಸಹಿ ಹಾಕಿದ್ದೇನೆ. ಒಂದು ಮಾರ್ಕು ಸುಳ್ಳು ಹೇಳಿದ್ದಕ್ಕೆ ಕಳೆದದ್ದು.

ಕಿವಿಯ ವಿಷಯ ನಿನಗೆ ಹೇಳಲಿಲ್ಲ. ಸೀಮೆಸುಣ್ಣ ಎಸೆಯುತ್ತಿದ್ದ ಟೀಚರ್ ಆಗಿಯೇ ನಿನ್ನ ನೆನಪಿನಲ್ಲಿ ಇರಬೇಕು ಎಂಬ ಆಸೆ. ಇನ್ನೇನೂ ಇಲ್ಲ.

ಬಸ್ಸಿನ ಮೇಲಿನ ಆಲಿಕಲ್ಲನ್ನು ಎಷ್ಟು ಸಲ ಓದಿದೆನೋ. ಓದುವಾಗ ಕೇಳಿಸಿತು ಎಂದು ಸುಳ್ಳು ಹೇಳಲಾರೆ. ನೆನಪಾಯಿತು. ನಮ್ಮ ಹೈಸ್ಕೂಲಿನ ಶೀಟಿನ ಮೇಲೆ ಹೀಗೇ ಬೀಳುತ್ತಿತ್ತು. ನಾನು ಪಾಠ ನಿಲ್ಲಿಸಿ ಮೇಜಿನ ಹತ್ತಿರ ಸುಮ್ಮನೆ ಕೂತಿರುತ್ತಿದ್ದೆ, ನೀನು ಕಿಟಕಿಗೆ ಅಂಟಿಕೊಂಡಿರುತ್ತಿದ್ದೆ. ನಿನ್ನ ಕಾಗದ ಎದೆಯ ಮೇಲಿಟ್ಟುಕೊಂಡು ಅತ್ತೆ, ತ್ರಿವೇಣಿ ಚಹಾ ತಂದುಕೊಟ್ಟಳು.

ಮೇ 18, ಭಾನುವಾರ ಬರುತ್ತೇನೆ. ಶ್ರೀಧರ ಕರೆತರುತ್ತಾನೆ. ನಿನ್ನ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಕೈ ಮುಟ್ಟಿ ಹೇಳಲಿ, ಇಳಿಯುತ್ತೇನೆ. ಅಲ್ಲಿಯವರೆಗೆ ಅವರು ನಿಶ್ಚಿಂತೆಯಿಂದ ಇರಲಿ. ಉಳಿದಿರುವ ಕಾಯಿ ಇಳಿಸುವವರೆಗೂ ಅವರ ತೋಪಿನಲ್ಲಿ ನಾನು ಒಂದೇ ಒಂದು ಪದ ಇಂಗ್ಲಿಷ್ ಮಾತಾಡುವುದಿಲ್ಲ.

ನಿನ್ನ
ಸುನಂದಾ ಟೀಚರ್